ಕಟ್ಟಡ ಕಟ್ಟುವ ಬಾಣಂತಿಗೆ ಹಾಲುಣಿಸುವ ಬಿಡುವು ಕೊಡಿಸಿ: ಪುಣೆ ಮಹಾನಗರಪಾಲಿಕೆಯ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರಿಗೆ ಸಾದರ ನಮಸ್ಕಾರಗಳು.

ಈ ಪತ್ರದ ಮರಾಠಿ ಪ್ರತಿಯನ್ನು ತಮ್ಮ ಕಚೇರಿಗೆ ಸಲ್ಲಿಸಿದ್ದೇನೆ. ಕನ್ನಡದಲ್ಲಿಯೂ ಬರೆದು ಎಲ್ಲರ ಮುಂದಿಡುತ್ತಿರುವುದಕ್ಕೆ ಕಾರಣವಿದೆ. ನಾನು ಯಾರ ಪರವಾಗಿ ಬರೆಯುತ್ತಿದ್ದೇನೋ ಆ ತಾಯಂದಿರು ಕನ್ನಡದವರು. ಯಾದಗಿರಿ, ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಂದ ಬಂದು ವಾಘೋಲಿ, ಬಾಣೇರ, ಹಡಪಸರ್ ಕಡೆಗಳಲ್ಲಿ ಏಳುತ್ತಿರುವ ಬಹುಮಹಡಿ ಕಟ್ಟಡಗಳಿಗೆ ಇಟ್ಟಿಗೆ, ಮರಳು ಹೊರುವವರು. ನಾನು ಇಪ್ಪತ್ತಾರು ವರ್ಷ ಈ ಊರಿನ ಹೆರಿಗೆ ವಾರ್ಡುಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಧಾರವಾಡದ ಕಡೆಯವಳಾದ್ದರಿಂದ, ಭಾಷೆ ತಿಳಿಯದ ಬಾಣಂತಿ ಬಂದಾಗಲೆಲ್ಲ ನನ್ನನ್ನೇ ಕರೆಯುತ್ತಿದ್ದರು, ಈಗಲೂ ಕರೆಯುತ್ತಾರೆ.

ಕಳೆದ ಏಪ್ರಿಲ್‌ನ ಒಂದು ಸಂಜೆ, ನಮ್ಮ ಮನೆಯ ಹಿಂದಿನ ಕಾಮಗಾರಿಯ ಪತ್ರಾ ಶೆಡ್ಡಿನಿಂದ ಒಬ್ಬಳು ಮೂರು ತಿಂಗಳ ಕೂಸನ್ನೆತ್ತಿಕೊಂಡು ಬಂದಳು. ಕೂಸಿಗೆ ನಾಲ್ಕು ದಿನಗಳಿಂದ ಭೇದಿ. “ಅಕ್ಕಾರ, ಹಾಲ ಬತ್ತ್ಯಾವ್ರಿ, ಡಬ್ಬಿ ಹಾಲು ಹಾಕಾಕತ್ತೀನಿ” ಎಂದಳು. ಡಬ್ಬಿ ತುಟ್ಟಿಯಾದ್ದರಿಂದ ಒಂದು ಚಮಚ ಪುಡಿಗೆ ಬೇಕಾದುದಕ್ಕಿಂತ ಎರಡು ಪಟ್ಟು ನೀರು ಬೆರೆಸುತ್ತಿದ್ದಳು. ಆ ನೀರು ಟ್ಯಾಂಕರಿನದು, ಬಾಟಲಿ ತೊಳೆಯುವುದೂ ಅದರಲ್ಲಿಯೇ. ದಿನಚರಿ ಕೇಳಿದೆ. ಬೆಳಗ್ಗೆ ಎಂಟಕ್ಕೆ ಹಾಜರಿ, ಒಂದಕ್ಕೆ ಊಟ, ಸಂಜೆ ಆರಕ್ಕೆ ಕೆಲಸ ಬಿಡುವುದು. ಅಲ್ಲಿಯತನಕ ಕೂಸು ಏಳು ವರ್ಷದ ಅಕ್ಕನ ಮಡಿಲಲ್ಲಿ. ನಡುವೆ ಮಹಡಿಯಿಂದ ಇಳಿದು ಬಂದರೆ ಕೂಲಿಗಳ ಮೇಲ್ವಿಚಾರಕನಾದ ಮುಕಾದಮ ಅರ್ಧ ಹಾಜರಿ ಕಡಿಯುತ್ತಾನೆ. ಅಂದು ರಾತ್ರಿಯೇ ಕೂಸನ್ನು ಆಸ್ಪತ್ರೆಗೆ ಸೇರಿಸಿದೆವು, ಉಳಿಯಿತು. ಅಲ್ಲಿದ್ದ ಐದಾರು ದಿನ ತಾಯಿ ಪಕ್ಕದಲ್ಲೇ ಇದ್ದಳು, ಹೊತ್ತುಹೊತ್ತಿಗೆ ಕೂಸನ್ನು ಎದೆಗೆ ಹಾಕಿಸಿದೆವು, ಬತ್ತಿತೆಂದುಕೊಂಡಿದ್ದ ಹಾಲು ಮತ್ತೆ ಇಳಿಯತೊಡಗಿತು. ಆಮೇಲೆ ಅವಳು ಕೆಲಸಕ್ಕೆ ಹೋದಳು. ಎರಡು ವಾರದಲ್ಲಿ ಡಬ್ಬಿ ಮತ್ತೆ ಬಂತು.

ಆಯುಕ್ತರೇ, ಎದೆಹಾಲು ಕೊಡದಲ್ಲಿ ತುಂಬಿಟ್ಟ ನೀರಿನಂತಲ್ಲ, ಸೆಲೆಯಿರುವ ಬಾವಿಯಂತೆ, ಸೇದಿದಷ್ಟೂ ಊರುತ್ತದೆ. ಕೂಸು ಚೀಪಿದಾಗ ತಾಯಿಯ ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್, ಆಕ್ಸಿಟೋಸಿನ್ ಎಂಬ ಎರಡು ಹಾರ್ಮೋನುಗಳು ಹೊರಡುತ್ತವೆ. ಮೊದಲನೆಯದು ಹಾಲು ತಯಾರಿಸುತ್ತದೆ, ಎರಡನೆಯದು ಅದನ್ನು ಹೊರದೂಡುತ್ತದೆ. ಎದೆ ತುಂಬಿಯೇ ಗಂಟೆಗಟ್ಟಲೆ ಉಳಿದರೆ, ಇನ್ನು ಸಾಕು ಎಂದು ದೇಹವೇ ತಯಾರಿಕೆಯನ್ನು ತಗ್ಗಿಸುತ್ತದೆ. ದಿನವೂ ಐದೈದು ಗಂಟೆ ಎರಡು ಬಾರಿ ಹೀಗಾದರೆ ಯಾವ ತಾಯಿಯ ಹಾಲೂ ಕೆಲವೇ ವಾರಗಳಲ್ಲಿ ಇಳಿಮುಖವಾಗುತ್ತದೆ. ಆದರೆ ಆ ಹೆಣ್ಣುಮಗಳು ತನ್ನ ಮೈಯಲ್ಲೇ ಏನೋ ಕೊರತೆಯೆಂದು ನಂಬಿದ್ದಳು, ಅವಳ ಅತ್ತೆಯೂ ಹಾಗೆಯೇ ಅಂದಿದ್ದಳು. ಕೈಯಿಂದ ಹಿಂಡಿ ಬಟ್ಟಲಲ್ಲಿಟ್ಟು, ಒಳಲೆಯಲ್ಲಿ ಕುಡಿಸಬಹುದಲ್ಲ ಎಂದು ತಮ್ಮ ಅಧಿಕಾರಿಗಳು ಕೇಳಬಹುದು. ಹಿಂಡಿದ ಹಾಲು 25 ಡಿಗ್ರಿಯ ಕೋಣೆಯಲ್ಲಿ ಸುಮಾರು ನಾಲ್ಕು ಗಂಟೆ ಉಳಿಯುತ್ತದೆ. ಏಪ್ರಿಲ್‌ನಲ್ಲಿ ಪತ್ರಾ ಶೆಡ್ಡಿನೊಳಗೆ ಒಮ್ಮೆ ನಿಂತು ನೋಡಿದವರು ಈ ಪ್ರಶ್ನೆಯನ್ನು ಎರಡನೆಯ ಸಲ ಕೇಳುವುದಿಲ್ಲ.

ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕುವುದು, ಆರು ತಿಂಗಳು ನೀರೂ ಸೇರಿದಂತೆ ಬೇರೇನನ್ನೂ ಕೊಡದಿರುವುದು, ಆಮೇಲೆ ಮೆತ್ತನೆಯ ಅನ್ನ ಗಂಜಿಯೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಮುಂದೆ ಹಾಲುಣಿಸುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೇಸಿಗೆಯಲ್ಲಿ ಕೂಸಿಗೆ ಬಾಯಾರದೇ ಎಂದು ಹೆಂಗಸರು ಕೇಳುತ್ತಾರೆ. ಎದೆಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇರುತ್ತದೆ. ಮೊದಲ ಎರಡು ಮೂರು ದಿನ ಬರುವ, ಹಳದಿ ಬಣ್ಣದ, ಅಂಟುಅಂಟಾದ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸುವ ರೂಢಿ ನಮ್ಮ ಕಡೆ ಇನ್ನೂ ಅಳಿದಿಲ್ಲ. ಹಸು ಈದಾಗ ಗಿಣ್ಣದ ಹಾಲನ್ನು ಕರುವಿಗೆ ಬಿಡದಿದ್ದರೆ ಅದು ಬದುಕುವುದಿಲ್ಲವೆಂದು ಬಲ್ಲ ಮನೆಗಳಲ್ಲೇ ಹೀಗೆ ನಡೆಯುವುದು ನನಗೆ ಇಂದಿಗೂ ಸೋಜಿಗ. ಆ ಕೆಲವೇ ಚಮಚ ಹಾಲಿನಲ್ಲಿ ಪ್ರತಿಕಾಯಗಳು ದಟ್ಟವಾಗಿದ್ದು, ಕೂಸಿನ ಕರುಳಿನ ಒಳಗೋಡೆಗೆ ಲೇಪದಂತೆ ಅಂಟಿ ರೋಗಾಣುಗಳನ್ನು ತಡೆಯುತ್ತವೆ. ತಾಯಿ ಇರುವ ಪರಿಸರದ ರೋಗಾಣುಗಳಿಗೆ ತಕ್ಕ ಪ್ರತಿಕಾಯಗಳು ಮುಂದೆಯೂ ಹಾಲಿನಲ್ಲಿ ಬರುತ್ತಲೇ ಇರುತ್ತವೆ. ಟ್ಯಾಂಕರ್ ನೀರು, ಸಿಮೆಂಟಿನ ಧೂಳು, ನೊಣಗಳ ನಡುವೆ ಬೆಳೆಯುವ ಕೂಸಿಗೆ ಭೇದಿ ಮತ್ತು ನ್ಯುಮೋನಿಯಾದಿಂದ ರಕ್ಷಣೆ ಕೊಡುವಂಥದ್ದು ಯಾವ ಡಬ್ಬಿಯಲ್ಲೂ ಇಲ್ಲ.

ತಾಯಿಗೆ ಆಗುವ ಲಾಭದ ಮಾತು ಅಷ್ಟಾಗಿ ಕೇಳಿಬರುವುದಿಲ್ಲ, ಎಲ್ಲವೂ ತ್ಯಾಗವೆಂಬಂತೆಯೇ ಬಣ್ಣಿಸುತ್ತೇವೆ. ಹೆರಿಗೆಯಾದ ಕೂಡಲೇ ಕೂಸು ಚೀಪಿದರೆ ಆಕ್ಸಿಟೋಸಿನ್‌ನಿಂದ ಗರ್ಭಕೋಶ ಬಿಗಿಯಾಗಿ ರಕ್ತಸ್ರಾವ ಕಡಿಮೆಯಾಗುತ್ತದೆ. ರಕ್ತಹೀನತೆಯಿಂದಲೇ ಹೆರಿಗೆ ಕೋಣೆಗೆ ಬರುವ ನಮ್ಮ ಕೂಲಿ ಹೆಂಗಸರಿಗೆ ಇದು ಸಣ್ಣ ವಿಷಯವಲ್ಲ. ಹಗಲು ರಾತ್ರಿ ಎದೆಹಾಲನ್ನಷ್ಟೇ ಕೊಡುತ್ತಿದ್ದು ಮುಟ್ಟು ಮರಳದಿದ್ದರೆ ಮೊದಲ ಆರು ತಿಂಗಳು ಮತ್ತೆ ಬಸಿರಾಗುವ ಸಾಧ್ಯತೆ ಬಹಳ ಕಡಿಮೆ. ಒಟ್ಟು 12 ತಿಂಗಳು ಹಾಲುಣಿಸಿದರೆ ಸ್ತನ ಕ್ಯಾನ್ಸರಿನ ಅಪಾಯ ಶೇ. 4.3ರಷ್ಟು ತಗ್ಗುತ್ತದೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ್ದಾರೆ. ಅಂಡಾಶಯದ ಕ್ಯಾನ್ಸರ್ ಮತ್ತು ಮಧುಮೇಹದ ಅಪಾಯವೂ ಇಳಿಯುತ್ತದೆ. ಹಾಲುಣಿಸುವುದು ಎಲ್ಲೆಡೆ ಸರಿಯಾಗಿ ನಡೆದರೆ ಜಗತ್ತಿನಲ್ಲಿ ವರ್ಷಕ್ಕೆ 8,23,000 ಮಕ್ಕಳ ಮತ್ತು ಸ್ತನ ಕ್ಯಾನ್ಸರಿನಿಂದ ಸಾಯುವ 20,000 ಹೆಂಗಸರ ಜೀವ ಉಳಿಯಬಹುದೆಂದು 2016ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ. ಕಾಯಿಲೆಯಿಂದಲೋ ಔಷಧಿಯ ಕಾರಣದಿಂದಲೋ ಹಾಲುಣಿಸಲಾಗದ ತಾಯಂದಿರೂ ಇದ್ದಾರೆ, ಅವರನ್ನು ಹಂಗಿಸುವುದಕ್ಕೆ ಈ ಲೆಕ್ಕಗಳನ್ನು ಯಾರೂ ಬಳಸಬಾರದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ವರದಿಯಲ್ಲಿ ಎರಡು ಅಂಕಿಗಳು ಬೇರೆ ಬೇರೆ ಸಾಲುಗಳಲ್ಲಿವೆ, ಅಕ್ಕಪಕ್ಕ ಇಟ್ಟು ಓದಬೇಕು. ದೇಶದಲ್ಲಿ ಶೇ. 88.6 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತವೆ. ಮೊದಲ ಗಂಟೆಯಲ್ಲಿ ಎದೆಹಾಲು ಸಿಗುವುದು ಶೇ. 41.8 ಮಕ್ಕಳಿಗೆ. ಮನೆಯ ಮುದುಕಿಯರ ಮೂಢನಂಬಿಕೆಯನ್ನು ಬಯ್ದು ಈ ಅಂತರವನ್ನು ವಿವರಿಸಲಾಗದು. ಸಿಸೇರಿಯನ್ ಆದವಳನ್ನು ಕೂಸಿನಿಂದ ದೂರವಿಡುವುದು, ಸಿಬ್ಬಂದಿಯ ಕೊರತೆ, ಭಾಷೆಯ ತೊಡಕು ಎಲ್ಲವೂ ಸೇರಿವೆ. ಮೂರನೆಯದನ್ನು ನಾನು ಕಣ್ಣಾರೆ ಕಂಡಿದ್ದೇನೆ: ಕೂಸನ್ನು ಹೇಗೆ ಹಿಡಿಯಬೇಕೆಂದು ಮರಾಠಿಯಲ್ಲಿ ಹತ್ತು ನಿಮಿಷ ಚೆನ್ನಾಗಿ ವಿವರಿಸಿದ್ದಕ್ಕೆಲ್ಲ “ಹೋ, ಹೋ” ಎಂದು ತಲೆಯಾಡಿಸಿದ ಸುರಪುರದ ಕಡೆಯ ಹುಡುಗಿ, ಸಿಸ್ಟರ್ ಅತ್ತ ಹೋದ ಮೇಲೆ “ಏನಂದ್ರ ಅಕ್ಕಾರ?” ಎಂದು ನನ್ನನ್ನು ಕೇಳಿದಳು.

ಇನ್ನು ಕಾನೂನು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಮೊದಲೆರಡು ಹೆರಿಗೆಗಳಿಗೆ 26 ವಾರಗಳ ಸಂಬಳ ಸಹಿತ ರಜೆ ಬಂತು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆರಡು ಬಾರಿ ಹಾಲುಣಿಸುವ ಬಿಡುವಿನ ಹಕ್ಕು ಅದಕ್ಕೂ ಹಿಂದಿನದು. ಹಿಂಜವಡಿಯ ಐಟಿ ಕಂಪನಿಯಲ್ಲಿರುವ ನನ್ನ ಸೊಸೆಗೆ ಇವೆಲ್ಲ ಸಿಕ್ಕವು. ಆದರೆ ಅವಳ ಕಂಪನಿಯ ಹೊಸ ಕಟ್ಟಡಕ್ಕೆ ಮರಳು ಹೊತ್ತವಳ ಹೆಸರು ಹಾಜರಿ ಪುಸ್ತಕದಲ್ಲೇ ಇಲ್ಲದಿದ್ದರೆ ಅವಳು ಯಾವ ಹಕ್ಕನ್ನು ಯಾರಲ್ಲಿ ಕೇಳಬೇಕು? 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಮಾತ್ರ ಶಿಶುಪಾಲನಾ ಕೋಣೆ ಕಡ್ಡಾಯವೆಂದಿತ್ತು. ಈಚಿನ ಕಾರ್ಮಿಕ ಸಂಹಿತೆಗಳಲ್ಲೂ ಐವತ್ತರ ಗೆರೆ ಬೇರೆ ರೂಪದಲ್ಲಿ ಉಳಿದಿದೆ. ಒಂದೇ ಸೈಟಿನಲ್ಲಿ ಹತ್ತು ಜನ ಈ ಗುತ್ತಿಗೆದಾರನ ಕಡೆಯವರು, ಹನ್ನೆರಡು ಜನ ಆ ಗುತ್ತಿಗೆದಾರನ ಕಡೆಯವರು ಎಂದು ಬಿಡಿಬಿಡಿಯಾಗಿ ಎಣಿಸಿದರೆ ಐವತ್ತು ಎಂದಿಗೂ ತುಂಬುವುದಿಲ್ಲ.

ಮಹಾರಾಷ್ಟ್ರದ ಎಸ್‌ಟಿ (ರಾಜ್ಯ ಸಾರಿಗೆ) ಬಸ್ ನಿಲ್ದಾಣಗಳಲ್ಲಿ ಹಾಲುಣಿಸುವ ಕೋಣೆಗೆ ‘ಹಿರಕಣಿ ಕಕ್ಷ’ ಎಂದು ಹೆಸರಿಟ್ಟಿರುವುದು ನನಗೆ ತುಂಬ ಇಷ್ಟ. ರಾಯಗಡಕ್ಕೆ ಹಾಲು ಮಾರಲು ಹೋದ ಹಿರಕಣಿ, ಸಂಜೆ ಕೋಟೆಯ ಬಾಗಿಲು ಮುಚ್ಚಿದ ಮೇಲೆ, ಕೆಳಗಿದ್ದ ಕೂಸಿಗಾಗಿ ಕತ್ತಲಲ್ಲಿ ಕಡಿದಾದ ಬಂಡೆ ಇಳಿದು ಹೋದಳೆಂದೂ, ಶಿವಾಜಿ ಮಹಾರಾಜರು ಅವಳನ್ನು ಸತ್ಕರಿಸಿ ಅಲ್ಲೊಂದು ಬುರುಜು ಕಟ್ಟಿಸಿದರೆಂದೂ ಐತಿಹ್ಯ. ಆ ಕೋಣೆ ಬಸ್ ನಿಲ್ದಾಣದಿಂದ ಕಾಮಗಾರಿಯ ಸ್ಥಳಕ್ಕೂ ಬರಲಿ ಎಂಬುದೇ ನನ್ನ ಬೇಡಿಕೆ.

ಕಾರ್ಮಿಕ ಇಲಾಖೆ ತಮ್ಮದಲ್ಲ, ನಿಜ. ಕಟ್ಟಡ ಪರವಾನಗಿ ತಮ್ಮದು. ಕಾಮಗಾರಿ ಆರಂಭಿಸಲು ಅನುಮತಿ ಕೊಡುವಾಗಲೇ, ಹೆಂಗಸರು ಎಷ್ಟೇ ಮಂದಿ ಇರಲಿ, ನೆಲಮಟ್ಟದಲ್ಲಿ ನೆರಳು, ಫ್ಯಾನು, ಕುಡಿಯುವ ನೀರು, ಒಳಗಿನಿಂದ ಹಾಕುವ ಚಿಲಕ ಇರುವ ಒಂದು ಕೋಣೆ ಮತ್ತು ಕೂಸುಗಳನ್ನು ನೋಡಿಕೊಳ್ಳಲು ಒಬ್ಬ ಆಯಾ ಇರಬೇಕೆಂಬ ಷರತ್ತು ಹಾಕಿ. ಪ್ಲಿಂಥ್ (ಅಡಿಪಾಯದ ಮಟ್ಟದ) ತಪಾಸಣೆಗೆ ಬರುವ ಎಂಜಿನಿಯರ್ ಅದನ್ನೂ ನೋಡಿ ಬರೆಯಲಿ. ಬೆಳಗ್ಗೆ ಹತ್ತೂವರೆಗೆ, ಮಧ್ಯಾಹ್ನ ಮೂರೂವರೆಗೆ ಇಪ್ಪತ್ತು ನಿಮಿಷದ ಬಿಡುವಿಗೆ ಹಾಜರಿ ಕಡಿಯುವಂತಿಲ್ಲ ಎಂದು ಆ ಕೋಣೆಯ ಬಾಗಿಲ ಮೇಲೆ ಮರಾಠಿ, ಹಿಂದಿ, ಕನ್ನಡಗಳಲ್ಲಿ ಬರೆಸಿ. ಹಣದ ಮಾತು ಬಂದರೆ, ನಿರ್ಮಾಣ ವೆಚ್ಚದ ಶೇ. 1ರಷ್ಟು ಕಾರ್ಮಿಕ ಸೆಸ್ ತಮ್ಮ ಕೌಂಟರಿನ ಮೂಲಕವೇ ರಾಜ್ಯದ ಕಲ್ಯಾಣ ಮಂಡಳಿಗೆ ಹೋಗುತ್ತದೆ, ಅದರಲ್ಲೊಂದು ಪಾಲು ಇದಕ್ಕೆಂದು ತಾವೇ ಕೇಳಬಹುದು. ಪಾಲಿಕೆಯಿಂದ ಇಂಥದ್ದು ಆಗುವುದೇ ಎನ್ನುವವರಿಗೆ ಮುಂಬಯಿಯ ಸಾಯನ್ ಆಸ್ಪತ್ರೆಯನ್ನು ತೋರಿಸಿ: ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕನ್ನು 1989ರಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರು ಆರಂಭಿಸಿದ್ದು ಆ ಪಾಲಿಕೆ ಆಸ್ಪತ್ರೆಯಲ್ಲಿಯೇ.

ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹ. ಪ್ರತಿ ವರ್ಷದಂತೆ ಪೋಸ್ಟರ್, ರಂಗೋಲಿ ಸ್ಪರ್ಧೆಗಳ ಜೊತೆಗೆ, ಈ ಸಲ ಒಂದು ವಾರ್ಡಿನ ಎಲ್ಲ ಸೈಟುಗಳಲ್ಲಿ ಎರಡು ವರ್ಷದೊಳಗಿನ ಮಕ್ಕಳೆಷ್ಟು, ಅವರ ತಾಯಂದಿರು ಕೆಲಸ ಮಾಡುವುದು ಎಷ್ಟನೆಯ ಮಹಡಿಯಲ್ಲಿ ಎಂದು ಎಣಿಕೆ ಮಾಡಿಸಿ. ಎಣಿಕೆಗೆ ಬರುವವರಿಗೆ ಕನ್ನಡ ತಿಳಿಯದಿದ್ದರೆ ನಾನು ಮತ್ತು ನನ್ನಂತೆ ನಿವೃತ್ತರಾದ ಇನ್ನಿಬ್ಬರು ಜೊತೆಗೆ ಬರುತ್ತೇವೆ, ಸಂಭಾವನೆ ಬೇಡ. ಬೆಳಗ್ಗೆ ಎಂಟಕ್ಕೆ ಮೊದಲು ಕಳುಹಿಸಿ. ಎಂಟರ ಮೇಲೆ ಶೆಡ್ಡುಗಳಲ್ಲಿ ಮಕ್ಕಳಷ್ಟೇ ಇರುತ್ತಾರೆ.

ತಮ್ಮ ವಿಶ್ವಾಸಿ,
ನಿವೃತ್ತ ನರ್ಸ್ ಒಬ್ಬಳು, ಪುಣೆ