ದಿನಬಾಡಿಗೆ ಮನೆಗಳೂ ವಿಪತ್ತು ಯೋಜನೆಯೊಳಗೆ ಬರಲಿ: ನಗರಸಭೆ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ವಿಪತ್ತು ನಿರ್ವಹಣಾ ಯೋಜನೆಯನ್ನು ಪರಿಷ್ಕರಿಸುವಾಗ, ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಮನೆಗಳನ್ನೂ ಅದರ ವ್ಯಾಪ್ತಿಗೆ ತರಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಇಂಥ ಮನೆಯಲ್ಲಿ ಇಂದು ರಾತ್ರಿ ತಂಗಿರುವವರ ಹೆಸರು ಸ್ಥಳೀಯ ಮತದಾರರ ಪಟ್ಟಿಯಲ್ಲಿರುವುದಿಲ್ಲ. ಅವರು ಇಳಿದುಕೊಂಡಿರುವುದು ಹೋಟೆಲಿನಲ್ಲೂ ಅಲ್ಲ. ಎಷ್ಟೋ ಕಡೆ ಮಾಲೀಕರು ಬೇರೆ ಊರಿನಲ್ಲಿರುತ್ತಾರೆ, ಬೀಗದ ಕೈ ಬಾಗಿಲ ಪಕ್ಕದ, ಸಂಖ್ಯೆ ಒತ್ತಿ ತೆರೆಯುವ ಪುಟ್ಟ ಪೆಟ್ಟಿಗೆಯಲ್ಲಿರುತ್ತದೆ. ನಡುರಾತ್ರಿ ನೀರು ನುಗ್ಗಿದರೆ ಎತ್ತರದ ಜಾಗಕ್ಕೆ ಯಾವ ದಾರಿ ಹಿಡಿಯಬೇಕೆಂದು ಆ ಅತಿಥಿಗೆ ತಿಳಿಯದು. ರಕ್ಷಣಾ ಸಿಬ್ಬಂದಿ ಬಾಗಿಲು ತಟ್ಟಿದಾಗ ಒಳಗಿನಿಂದ ಉತ್ತರ ಬಾರದಿದ್ದರೆ, ಮನೆ ಖಾಲಿಯಿದೆಯೋ, ಯಾರಾದರೂ ಸಿಕ್ಕಿಕೊಂಡಿದ್ದಾರೋ ಎಂದು ತೀರ್ಮಾನಿಸಲು ಅವರ ಬಳಿ ಯಾವ ಆಧಾರವೂ ಇರುವುದಿಲ್ಲ.

ಐರೋಪ್ಯ ಒಕ್ಕೂಟವು 2024ರಲ್ಲಿ ಅಂಗೀಕರಿಸಿದ ನಿಯಮದಂತೆ, ನೋಂದಣಿ ವ್ಯವಸ್ಥೆಯಿರುವ ಪ್ರದೇಶಗಳಲ್ಲಿ ಇಂಥ ಪ್ರತಿ ಮನೆಗೂ ನೋಂದಣಿ ಸಂಖ್ಯೆ ಇರಬೇಕು, ದೊಡ್ಡ ಬುಕಿಂಗ್ ಸಂಸ್ಥೆಗಳು ಎಷ್ಟು ರಾತ್ರಿ ಎಷ್ಟು ಅತಿಥಿಗಳು ತಂಗಿದ್ದರೆಂಬ ವಿವರವನ್ನು ತಿಂಗಳಿಗೊಮ್ಮೆ ಆಡಳಿತಕ್ಕೆ ಒಪ್ಪಿಸಬೇಕು. ಯಾವ ಬಡಾವಣೆಯಲ್ಲಿ ಯಾವ ಋತುವಿನಲ್ಲಿ ಜನ ಹೆಚ್ಚುತ್ತಾರೆಂದು ತಿಳಿದು ದೋಣಿ, ವಾಹನ, ಆಶ್ರಯ ತಾಣಗಳನ್ನು ಹೊಂದಿಸಿಕೊಳ್ಳಲು ಇಂಥ ಲೆಕ್ಕ ನೆರವಾಗುತ್ತದೆ. ಆದರೆ ಅವಘಡದ ರಾತ್ರಿಗೆ ಕಳೆದ ತಿಂಗಳ ಲೆಕ್ಕ ಸಾಲದು. ಆದ್ದರಿಂದ ಪ್ರತಿ ಮನೆಗೂ ಹತ್ತಿರದಲ್ಲೇ ವಾಸವಿದ್ದು ಯಾವ ಹೊತ್ತಿನಲ್ಲಾದರೂ ಫೋನಿಗೆ ಸಿಗುವ ಹೊಣೆಗಾರರೊಬ್ಬರು ಇರಲಿ. ಮುನ್ನೆಚ್ಚರಿಕೆ ಹೊರಟೊಡನೆ ಅಂದಿನ ತಲೆಎಣಿಕೆ ಕಂಟ್ರೋಲ್ ರೂಮಿಗೆ ತಲುಪಲಿ. ಅತಿಥಿಗಳ ಹೆಸರು, ಗುರುತು ಯಾವುದೂ ಬೇಕಿಲ್ಲ, ಸಂಖ್ಯೆಯೊಂದಿದ್ದರೆ ಸಾಕು.

ಪುನರ್ವಸತಿಯ ವಿಷಯ ನನ್ನನ್ನು ಇನ್ನೂ ಹೆಚ್ಚು ಕಾಡುತ್ತಿದೆ. 2023ರ ಆಗಸ್ಟ್ 8ರಂದು ಹವಾಯಿಯ ಲಹೈನಾ ಪಟ್ಟಣ ಸುಟ್ಟುಹೋದ ಮೇಲೆ ಸಾವಿರಾರು ಸಂತ್ರಸ್ತರು ತಿಂಗಳುಗಟ್ಟಲೆ ಹೋಟೆಲ್ ಕೋಣೆಗಳಲ್ಲಿ ದಿನ ದೂಡಿದರು. ಅದೇ ದ್ವೀಪದಲ್ಲಿ ಪ್ರವಾಸಿಗರಿಗೆಂದೇ ಇಟ್ಟ ಸಾವಿರಾರು ಮನೆಗಳಿದ್ದವು. ಅವನ್ನು ಮನೆ ಕಳೆದುಕೊಂಡವರಿಗೆ ಬಿಟ್ಟುಕೊಡಿ ಎಂದು ಗವರ್ನರ್ ಜೋಶ್ ಗ್ರೀನ್ ಅವರೇ ಮಾಲೀಕರಲ್ಲಿ ಮನವಿ ಮಾಡಬೇಕಾಯಿತು. ಬೆಂಕಿ ಆರಿದ ಮೇಲೆ ಹೀಗೆ ಒಬ್ಬೊಬ್ಬರನ್ನೂ ಒಪ್ಪಿಸುವ ಬದಲು, ಒಪ್ಪುವ ಮಾಲೀಕರೊಂದಿಗೆ ನ್ಯಾಯವಾದ ಬಾಡಿಗೆ ನಿಗದಿಪಡಿಸಿ ಈಗಲೇ ಕರಾರು ಮಾಡಿಕೊಳ್ಳಬಹುದು. ವಿಪತ್ತಿನ ನಂತರದ ತಿಂಗಳುಗಳಲ್ಲಿ, ಕಾಯಂ ಬಾಡಿಗೆದಾರರನ್ನು ಹೊರಹಾಕಿ ಮನೆಯನ್ನು ದಿನಬಾಡಿಗೆಗೆ ತಿರುಗಿಸಲಾಗುತ್ತಿದೆಯೇ ಎಂಬುದರ ಮೇಲೂ ನಗರಸಭೆ ಕಣ್ಣಿಡಬೇಕು. ನೆರೆಯಿಂದ ಪಾರಾದ ಕುಟುಂಬ ಬಾಡಿಗೆಯ ಕಾರಣಕ್ಕೆ ಬೀದಿಗೆ ಬೀಳಬಾರದು.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಮಾಲೀಕರನ್ನೂ ಅಗ್ನಿಶಾಮಕ ಅಧಿಕಾರಿಗಳನ್ನೂ ಚರ್ಚೆಗೆ ಕರೆಯಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಾಗರಿಕ