ಹೆಸರು ಹೇಳದೆ ಹೊರಟುಹೋದ ಹಿರಿಯರಿಗೆ

ಪಿಕಪ್‌ನ ಮುಂಭಾಗವನ್ನು ಸ್ಪೇಸರ್ (ಸ್ಪ್ರಿಂಗ್ ಜೋಡಣೆಯ ಮೇಲೆ ಕೂರಿಸುವ ದಪ್ಪ ಬಿಲ್ಲೆ) ಹಾಕಿಸಿ 2 ಇಂಚು ಎತ್ತರಿಸಿದ ಮೇಲೆ ಪ್ರತಿ ಹಂಪ್ ಇಳಿಯುವಾಗಲೂ ಕೇಳಿಸುತ್ತಿದ್ದ 'ಟಕ್' ಶಬ್ದಕ್ಕೂ ಜೊತೆಗಿನ ಕಿರುಗುಟ್ಟುವಿಕೆಗೂ ಶಾಕ್ ಅಬ್ಸಾರ್ಬರನ್ನೂ ಸ್ಟೆಬಿಲೈಸರ್ ಲಿಂಕನ್ನೂ ಬದಲಿಸಿ ಸೋತಿದ್ದ ನನಗೆ, ದಾರಿಬದಿಯಲ್ಲಿ ತಾವಾಗಿಯೇ ನಿಂತು ನೆರವಾದ ಹಿರಿಯರೊಬ್ಬರಿಗೆ ಈ ಮೂಲಕ ಕೃತಜ್ಞತೆ ಸಲ್ಲಿಸುತ್ತೇನೆ.

ಅವರು ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿ, ಮೇಲಿನ ಕಂಟ್ರೋಲ್ ಆರ್ಮ್ (ಚಕ್ರವನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ತೋಳು) ಕಾಯಿಲ್ ಸ್ಪ್ರಿಂಗಿಗೆ ಬಡಿದು ಬಣ್ಣ ಕಿತ್ತುಹೋಗಿದ್ದ ಬೆರಳಗಲದ ಹೊಳಪು ಗುರುತನ್ನು ತೋರಿಸಿದರು. ಸ್ಪೇಸರ್‌ನಿಂದಾಗಿ ಚಕ್ರ ಮೊದಲಿಗಿಂತ ಹೆಚ್ಚು ಕೆಳಗಿಳಿಯುತ್ತದೆ, ಆಗ ಆರ್ಮ್ ಸ್ಪ್ರಿಂಗಿಗೆ ತಾಗುತ್ತದೆ, ಬಾಲ್ ಜಾಯಿಂಟ್ (ಆರ್ಮಿನ ತುದಿಯ ಗುಂಡು ಕೀಲು) ಓರೆ ಕೋನದಲ್ಲೇ ದುಡಿದು ಬೇಗ ಸವೆಯುತ್ತದೆ ಎಂಬುದನ್ನು ಅಷ್ಟು ಸರಳವಾಗಿ ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಕಿರುಗುಟ್ಟುವಿಕೆಯ ಕಾರಣ ಬೇರೆಯೇ ಆಗಿತ್ತು. ಗಾಡಿ ಜಾಕ್ ಮೇಲಿದ್ದು ಚಕ್ರ ಜೋತುಬಿದ್ದಿದ್ದಾಗಲೇ ಬುಷ್‌ನ (ಕೀಲಿನಲ್ಲಿ ಕೂರುವ, ರಬ್ಬರ್ ತುಂಬಿದ ಕೊಳವೆ) ಬೋಲ್ಟುಗಳನ್ನು ಬಿಗಿದಿದ್ದರಿಂದ, ಗಾಡಿ ನೆಲಕ್ಕಿಳಿದ ಮೇಲೆ ಒಳಗಿನ ರಬ್ಬರ್ ಸದಾ ತಿರುಚಿಕೊಂಡೇ ಇತ್ತು. ಅವರು ಬೋಲ್ಟು ಸಡಿಲಿಸಿ, ಗಾಡಿಯ ಭಾರ ಚಕ್ರದ ಮೇಲಿರುವಾಗಲೇ ಪುನಃ ಬಿಗಿದರು. ಆ ಸದ್ದು ಅಲ್ಲೇ ನಿಂತಿತು. 'ಟಕ್' ಶಬ್ದಕ್ಕೆ ಮಾತ್ರ, ಎತ್ತರಿಸಿದ ಗಾಡಿಗೆ ಹೊಂದುವ ಬೇರೆ ಆರ್ಮನ್ನೇ ಹಾಕಿಸಬೇಕೆಂದು ಮುಚ್ಚುಮರೆಯಿಲ್ಲದೆ ತಿಳಿಸಿ, ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮರೆಯದಂತೆ ಎಚ್ಚರಿಸಿದರು. ಎರಡನ್ನೂ ಮಾಡಿಸಿದ್ದೇನೆ, ಸ್ವಾಮಿ. ಗಾಡಿ ಈಗ ನಿಶ್ಶಬ್ದವಾಗಿದೆ.