ಗೋಬೆಕ್ಲಿ ಟೆಪೆ ನೋಡಿದೆ

ಶಾನ್ಲಿಉರ್ಫಾ, ಟರ್ಕಿ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಗೋಬೆಕ್ಲಿ ಟೆಪೆ ಬಗ್ಗೆ ಫೋನಿನಲ್ಲಿ ಹೇಳಹೋದರೆ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಊರಾಚೆಯ ಒಂದು ಬೋಳು ಗುಡ್ಡ ಅದು. ಅಗೆದ ಜಾಗಕ್ಕೆ ದೊಡ್ಡ ಚಾವಣಿ ಹಾಕಿದ್ದಾರೆ. ಕೆಳಗೆ ದುಂಡನೆಯ ಕಟ್ಟಡಗಳು, ಅವುಗಳಲ್ಲಿ ಟಿ ಅಕ್ಷರದ ಆಕಾರದ ಸುಣ್ಣಕಲ್ಲಿನ ಕಂಬಗಳು. ಒಂದು ಕಟ್ಟಡದ ನಟ್ಟನಡುವಿನ ಜೋಡಿ ಸುಮಾರು 5.5 ಮೀಟರ್ ಎತ್ತರ ಇದೆ. ಕಂಬ ಅಂದೆ, ಆದರೆ ಅವು ಮನುಷ್ಯರು ಅಪ್ಪ! ಪಕ್ಕದಿಂದ ನೋಡಿದರೆ ಮಡಚಿದ ತೋಳು ಕಾಣುತ್ತದೆ. ಅದರ ಜಾಡು ಹಿಡಿದು ಮುಂದೆ ಬಂದರೆ ಹೊಟ್ಟೆಯ ಮೇಲೆ ಉದ್ದುದ್ದ ಬೆರಳುಗಳು. ಕೆಳಗೆ ಸೊಂಟಪಟ್ಟಿ, ಅದರಿಂದ ಇಳಿಬಿದ್ದ ನರಿಯ ಚರ್ಮ. ಮುಖ ಮಾತ್ರ ಇಲ್ಲ. ನಾನಂತೂ ಅಲ್ಲಿಂದ ಕದಲಲೇ ಇಲ್ಲ.

ಸುಮಾರು 11,000 ವರ್ಷ ಹಳೆಯದು. ಆಗ ಲೋಹ ಇಲ್ಲ, ಮಡಕೆ ಇಲ್ಲ, ಚಕ್ರವೂ ಇಲ್ಲ. ಕೆತ್ತಿದ್ದೆಲ್ಲ ಕಲ್ಲಿನ ಉಪಕರಣದಲ್ಲೇ.

ಅನ್ಯಗ್ರಹದವರು ಕಟ್ಟಿದ್ದಾ ಅಂತ ತಮ್ಮ ಕೇಳಿದ್ದನಲ್ಲ, ಅವನಿಗೆ ಇದನ್ನು ಓದಿ ಹೇಳಿ. ಕಲ್ಲು ಕಡಿದ ಜಾಗ ಅಲ್ಲೇ ಇದೆ. ಅರ್ಧಕ್ಕೇ ಬಿಟ್ಟ ಸುಮಾರು 7 ಮೀಟರಿನ ಕಂಬ ಇನ್ನೂ ಬಂಡೆಯಲ್ಲೇ ಅಂಟಿಕೊಂಡಿದೆ. ಕಾಡುಪ್ರಾಣಿಗಳ ಮೂಳೆ ರಾಶಿ ರಾಶಿ ಸಿಕ್ಕಿವೆ. ಅರೆಯುವ ಕಲ್ಲುಗಳೇ 7,000ಕ್ಕಿಂತ ಜಾಸ್ತಿ. ಉಂಡು, ಬೆವರು ಸುರಿಸಿ ದುಡಿದವರ ಶ್ರಮವನ್ನು ಸುಮ್ನೆ ಬೇರೆ ಯಾರಿಗೋ ಕೊಡುವುದು ಅನ್ಯಾಯ ಅಲ್ವಾ?

1963ರಲ್ಲಿ ಸರ್ವೆ ಮಾಡಿದವರು ಮೇಲೆ ಕಂಡ ಚಪ್ಪಡಿಗಳನ್ನು ಸಮಾಧಿ ಕಲ್ಲು ಅಂದುಕೊಂಡು ಹೋಗಿದ್ದರು. 1994ರಲ್ಲಿ ಜರ್ಮನಿಯ ಪುರಾತತ್ವಜ್ಞ ಕ್ಲಾಸ್ ಶ್ಮಿಟ್ ಬಂದು ಇದರ ಮಹತ್ವ ಗುರುತಿಸಿದರು. 2014ರಲ್ಲಿ ತೀರಿಕೊಳ್ಳುವವರೆಗೂ ಈ ಗುಡ್ಡ ಬಿಡಲಿಲ್ಲ. ಇಲ್ಲಿ ಯಾರೂ ವಾಸ ಇರಲಿಲ್ಲ, ಇದು ಬರೀ ದೇವಸ್ಥಾನ, ಕೊನೆಗೆ ಕಟ್ಟಿದವರೇ ಮಣ್ಣು ಮುಚ್ಚಿದರು ಅನ್ನುವುದು ಅವರ ವಾದ. ಆಮೇಲೆ ಮನೆಗಳು ಸಿಕ್ಕವು, ಮಳೆನೀರು ಹಿಡಿಯುವ ತೊಟ್ಟಿಗಳೂ ಇದ್ದವು. ಮಣ್ಣು ಬಹುಪಾಲು ಇಳಿಜಾರಿನಿಂದ ಜಾರಿ ಬಂದದ್ದು ಅಂತ ಈಗ ಅಗೆಯುತ್ತಿರುವವರು ಹೇಳುತ್ತಾರೆ. ಶ್ಮಿಟ್ ಕಟ್ಟಿದ ವಾದವನ್ನು ಅವರ ನಂತರದವರೇ ತಿದ್ದಿದರು. ಈ ಪ್ರಾಮಾಣಿಕತೆ ನನಗೆ ಕಂಬಗಳಷ್ಟೇ ಇಷ್ಟವಾಯಿತು.

ಆದರೆ ಯಾಕೆ ಕಟ್ಟಿದರು? ಒಂದು ಕಂಬದಲ್ಲಿ ರಣಹದ್ದು, ಚೇಳು, ಕೆಳಗೆ ತಲೆಯಿಲ್ಲದ ಮನುಷ್ಯ. ಅದೇನು ಕಥೆಯೋ, ಹೇಳುವವರು ಯಾರೂ ಇಲ್ಲ. ಗುಡ್ಡದ ಹೆಚ್ಚಿನ ಭಾಗ ಇನ್ನೂ ಅಗೆದೇ ಇಲ್ಲ.

ಮುಂದಿನ ವಾರ ಇಂಥದ್ದೇ ಇನ್ನೊಂದು ಹಳೆಯ ಜಾಗವಾದ ಕರಹಾನ್ ಟೆಪೆಗೆ ಹೋಗುತ್ತೇನೆ. ಅಲ್ಲಿ ಬಂಡೆಯಲ್ಲೇ ಕೆತ್ತಿದ ಮನುಷ್ಯನ ತಲೆಯೊಂದು ಗೋಡೆಯಿಂದ ಆಚೆ ಚಾಚಿಕೊಂಡಿದೆ. ನೋಡಿ ಬಂದು ಬರೆಯುತ್ತೇನೆ.

ನಿಮ್ಮ ಪ್ರೀತಿಯ ಮಗಳು